ದುಬೈ ಅಳಿಯನ ಆರು ತಿಂಗಳು

ನನಗೆ ಇಬ್ಬರು ಅಳಿಯಂದಿರು. ಹಿರಿಯವರು ಹುಲಗೇಶಪ್ಪನವರು, ಕಿರಿಯವನು ಬಸು. ಒಬ್ಬರು ‘ಅವರು’, ಇನ್ನೊಬ್ಬ ‘ಅವನು’ ಯಾಕೆ ಅಂತ ಕೇಳಬೇಡಿ, ಹೇಳುತ್ತೇನೆ. ಇಬ್ಬರೂ ನಾವು ದುಡಿಯಲು ಬಂದ ಈ ತೆಲುಗು ಶಹರಿನ ಮಾದಾಪುರದಲ್ಲಿ ಒಂದೇ ಕಟ್ಟಡದ ಮೇಲೆ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಒಂದೇ ಬಸ್ಸಿಗೆ ನಮ್ಮ ಮನೆ ಇರುವ ಕುಷಾಯಿಗೂಡಕ್ಕೆ ಬರುತ್ತಿದ್ದರು, ಒಂದೇ ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿದ್ದರು. ಆದರೆ ಹುಲಗೇಶಪ್ಪನವರ ಪಾಸ್‌ಪೋರ್ಟಿನಲ್ಲಿ ದುಬೈಯಲ್ಲಿ ವಾಸ ಮಾಡುವ ಪರವಾನಗಿ ಇತ್ತು. ಬಸುನ ಹತ್ತಿರ ಯಾದಗಿರಿ ಕಡೆಯ ರೇಷನ್ ಕಾರ್ಡು ಇತ್ತು. ಹಿಂಗಾಗಿ ಮನೆಯಲ್ಲಿದ್ದ ಒಂದೇ ಕುರ್ಚಿ ಯಾರಿಗೆ ಕೊಡಬೇಕು ಅನ್ನುವುದರಲ್ಲಿ ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಯಾವತ್ತೂ ಗೊಂದಲ ಬರಲಿಲ್ಲ.

ಹುಲಗೇಶಪ್ಪನವರು ಆರು ವರ್ಷ ದುಬೈಯಲ್ಲಿ ದುಡಿದವರು, ಸುಳ್ಳಲ್ಲ. ಅವರು ರಜೆಗೆ ಅಂತ ಬಂದಾಗ ಇಲ್ಲಿ ಕಂಪ್ಯೂಟರಿನವರಿಗೆ ಕೂಡಲು ಜಾಗ ಸಾಲದೆ ಊರ ಹೊರಗಿನ ಬಂಡೆ ಒಡೆದಲ್ಲೆಲ್ಲ ಗಾಜಿನ ಮನೆಗಳು ಏಳುತ್ತಿದ್ದವು. ಅಂಥ ಒಂದು ಕಟ್ಟಡದ ಎಂಜಿನಿಯರು ಇವರ ಕೈ ನೋಡಿ ಮೇಸ್ತ್ರಿ ಮಾಡಿಕೊಂಡ. ದುಬೈಯಲ್ಲಿ ಸಿಗುವಷ್ಟೇ ಪಗಾರ ಇಲ್ಲೂ ಸಿಕ್ಕಿತು. ಹೆಂಡತಿಯ ಕೈ ಊಟ ಬೇರೆ. ಇನ್ನೊಬ್ಬನಾಗಿದ್ದರೆ ಪಾಸ್‌ಪೋರ್ಟನ್ನು ಟ್ರಂಕಿನ ತಳಕ್ಕೆ ಹಾಕಿ ಸುಮ್ಮನಿರುತ್ತಿದ್ದ. ಆದರೆ ‘ದುಬೈದವ’ ಅನ್ನಿಸಿಕೊಂಡವನಿಗೆ ‘ದುಬೈ ಬಿಟ್ಟು ಬಂದವ’ ಅನ್ನಿಸಿಕೊಳ್ಳುವುದು ಆಗುವ ಮಾತೇ?

ಪರವಾನಗಿಗೆ ಒಂದು ಕಾಯಿದೆ ಇತ್ತು. ಆರು ತಿಂಗಳು, ಅಂದರೆ ನೂರೆಂಬತ್ತು ದಿನ ಅಲ್ಲಿಗೆ ಕಾಲಿಡದಿದ್ದರೆ ಅದು ಸಾಯುತ್ತದೆ. ಅದಕ್ಕೆ ವರ್ಷಕ್ಕೆ ಎರಡು ಸಲ ವಿಮಾನ ಹತ್ತಿ ಹೋಗುವುದು, ಹಳೆಯ ದೋಸ್ತರ ಕ್ಯಾಂಪಿನಲ್ಲಿ ನಾಲ್ಕು ದಿನ ಚಾಪೆಯ ಮೇಲೆ ಮಲಗುವುದು, ತಿರುಗಿ ಬರುವುದು. ನಾಲ್ಕು ದಿನ ಅಲ್ಲಿದ್ದು ಉಳಿದದ್ದೆಲ್ಲ ಇಲ್ಲೇ ಇದ್ದವನಿಗೆ ಅಲ್ಲಿನ ವಾಸಿ ಅನ್ನುತ್ತಾರಂತೆ. ಸರಕಾರದವರು ಓದಿದವರು, ಅವರಿಗೆ ತಿಳಿದಿರಬೇಕು.

“ಅಣ್ಣಾರ, ಕೂಲಿ ಮಂದಿ ಹಾಜರಿ ಹಾಕಾಕ ನಡಕೊಂತ ಹೋಗ್ತಾರ,” ಅಂತ ಬಸು ಕೆಣಕುತ್ತಿದ್ದ. “ವಿಮಾನದಾಗ ಹೋಗಿ ಹಾಕೋರು ನೀವೊಬ್ರ ನೋಡ್ರಿ.”

“ನಿನಗ ತಿಳಿಯಂಗಿಲ್ಲ ಬಿಡೋ ಬಸು. ಅದು ಒಮ್ಮೆ ಸತ್ತರ ಮತ್ತ ಹುಟ್ಟಂಗಿಲ್ಲ.”

ಹುಲಗೇಶಪ್ಪನವರ ಹೆಂಡತಿ, ನನ್ನ ಮಗಳು ಸುವರ್ಣಾ ಒಳಗಿನಿಂದ ಅನ್ನುತ್ತಿದ್ದಳು: “ಸಾಯಲಿ ಬಿಡ್ರಿ. ತಿಥಿ ನಾ ಮಾಡ್ತೀನಿ.”

ಅವಳ ಸಂಕಟ ಅವಳದು. ಎಂಜಿನಿಯರು ಖಾಯಂ ಮೇಸ್ತ್ರಿ ಮಾಡುತ್ತೇನೆ, ಆದರೆ ಸ್ಲ್ಯಾಬ್ ಹಾಕುವ ಹೊತ್ತಿಗೆ ಮಾಯವಾಗುವ ಆಟ ನಿಲ್ಲಿಸು ಅಂದಿದ್ದ. ಹುಲಗೇಶಪ್ಪನವರು, “ನನ್ನ ಕಾಲು ಎರಡು ದೇಶದಾಗ ಅದಾವ್ರಿ ಸಾಬ್,” ಅಂದು ಬಂದಿದ್ದರು.

ಇನ್ನು ಆ ಆರು ತಿಂಗಳ ಎಣಿಕೆ. ಅವರು ತಾರೀಖು ನೋಡುವವರಲ್ಲ. ತಾರೀಖು ಹಾಳೆಯ ಮೇಲೆ ಇರುತ್ತದೆ, ಅಮಾಸಿ ಮುಗಿಲ ಮೇಲೆ ಇರುತ್ತದೆ, ಯಾವುದು ಖರೆ ನೀವೇ ಹೇಳಿ ಅನ್ನುತ್ತಿದ್ದರು. ಮಾರ್ಗಶಿರದ ಎಳ್ಳಮಾಸಿಗೆ ಬಂದರೆ ಜೇಷ್ಠದ ಮಣ್ಣೆತ್ತಿನ ಅಮಾಸಿಯೊಳಗೆ ಹೋಗಬೇಕು. ನಡುವೆ ಆರು ತಿಂಗಳು. ಹಿಂದಿನ ವರ್ಷ ಹಂಗೇ ಮಾಡಿದ್ದರು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಏಳನೇ ಇಸವಿಯ ಮಾತು. ಅದರ ಹಿಂದಿನ ಡಿಸೆಂಬರಿನಲ್ಲಿ ಅವರು ಬಂದದ್ದು ಎಳ್ಳಮಾಸಿಯ ಹಿಂದಿನ ದಿನ. ಹಬ್ಬದ ಭಜ್ಜಿ ಪಲ್ಯಕ್ಕೆ ಅಂತ ನಾನು ಕಾಯಿಪಲ್ಲೆ ಹೆಚ್ಚುತ್ತಿದ್ದೆ, ಅವರು ಸೆಂಟಿನ ವಾಸನೆ ಸಮೇತ ಬಾಗಿಲಲ್ಲಿ ನಿಂತರು. ಆದರೆ ಮುಂದಿನ ಬೇಸಗೆಯಲ್ಲಿ ಅಧಿಕ ಮಾಸ ಬಂತು. ನಮ್ಮ ಕಡೆ ಧೋಂಡೆ ತಿಂಗಳು ಅನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಬರುವ ಈ ಹೆಚ್ಚಿನ ತಿಂಗಳಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ. ಇರುವುದು ಒಂದೇ ಕೆಲಸ: ಅಳಿಯನನ್ನು ಕರೆದು ಕೂಡಿಸಿ ಉಣ್ಣಿಸುವುದು.

ನಮ್ಮ ಮನೆಯವರು ಧೂಮಧಾಮ ಮಾಡಿದರು. ಹುಲಗೇಶಪ್ಪನವರಿಗೆ ಪ್ಯಾಂಟು, ಶರ್ಟಿನ ಬಟ್ಟೆ, ಬಸುಗೆ ಟಾವೆಲ್ಲು. ಇವರಿಗೆ ಶಾಸ್ತ್ರದಂತೆ ಎಣಿಸಿ ಅಕ್ಕಿ ಬೆಲ್ಲದ ಮೂವತ್ತಮೂರು ಅನಾರಸ, ಬಸುಗೆ ಉಳಿದವು. ಮೊದಲ ದಿನ ನಮ್ಮ ಮನೆ, ಆಮೇಲೆ ಮೈದುನನ ಮನೆ, ಆಮೇಲೆ ನಾದಿನಿಯ ಮನೆ. ದುಬೈ ಅಳಿಯನಿಗೆ ಉಣ್ಣಿಸಲು ಪಾಳಿ ಹಚ್ಚಿದ್ದರು. ತಿಂಗಳ ಕಡೆಯ ವಾರ ಮತ್ತೆ ನಮ್ಮ ಮನೆಗೇ ಬಂದರು.

ನೀಡುವಾಗ ನಾನು ಮೆಲ್ಲಗೆ ಕೇಳಿದೆ: “ಅಲ್ರಿ ಅಳಿಯಂದಿರ, ಈ ಸಲ ಹೋಗೋದು ಯಾವಾಗ?”

“ಮಣ್ಣೆತ್ತಿನ ಅಮಾಸಿಗೆ ಐದು ದಿನ ಮೊದಲು, ಅತ್ತಿ. ಟಿಕೇಟಿಗೆ ಹೇಳೀನಿ.”

“ಆದ್ರ ಈ ಸಲ ಎರಡು ಜೇಷ್ಠ ಅದಾವಲ್ರಿ. ನಡುವ ಈ ಧೋಂಡೆ ತಿಂಗಳು ಹೆಚ್ಚಿಗಿ ಬಂತು, ಆರಲ್ಲ ಏಳು ತಿಂಗಳು ಆಗ್ತಾವ.”

ಅವರು ನಕ್ಕರು. “ದುಬೈದಾಗ ಧೋಂಡೆ ತಿಂಗಳು ಇಲ್ಲ ಅತ್ತಿ. ತಮ್ಮ ಕಡಿ ಇಲ್ಲದ ತಿಂಗಳು ಅವರು ಹೆಂಗ ಎಣಸ್ತಾರ?”

ನಮ್ಮ ಮನೆಯವರು ತೊಡೆ ತಟ್ಟಿಕೊಂಡು ನಕ್ಕರು. “ಏಯ್, ವಿಮಾನದಾಗ ತಿರಗೋರಿಗೆ ಲೆಕ್ಕ ಕಲಸಾಕ ಹೊಂಟಿಯಾ? ಎರಡನೇ ಇಯತ್ತೆ ದಾಟಿಲ್ಲ ನೀನು! ಇನ್ನೊಂದು ಅನಾರಸ ನೀಡು.”

ನೀಡಿದೆ. ನನ್ನ ಕೆಲಸ ನೀಡುವುದು.

ಜುಲೈ ಐದನೇ ತಾರೀಖಿನ ದಿನ ಟಿಕೇಟು ತರಲು ಅವರು ಸುಲ್ತಾನ್ ಬಜಾರಿಗೆ ಹೊರಟರು. ಬಳೆ ಇಡಿಸಿಕೊಳ್ಳಬೇಕು ಅಂತ ನಾನೂ ಸುವರ್ಣಾನೂ ಜೊತೆಗೆ ಹೋದೆವು. ಟಿಕೇಟಿನ ಏಜೆಂಟ ವಯಸ್ಸಾದ ಸಾಬರು. ಪಾಸ್‌ಪೋರ್ಟು ತಿರುವಿ ಮುದ್ರೆ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ಚಷ್ಮಾ ತೆಗೆದು ಒರೆಸಿ ಮತ್ತೆ ಮುದ್ರೆ ನೋಡಿದರು.

“ಹುಲಗೇಶ್ ಭಾಯ್, ಡಿಸೆಂಬರ್ ಹತ್ತೊಂಬತ್ತಕ್ಕೆ ಬಂದೀರಿ. ಛೇ ಮಹೀನೆ, ಆರು ತಿಂಗಳು, ಜೂನ್ ಹದಿನೇಳಕ್ಕೇ ಖತಮ್. ಈಗ ಬಂದು ಟಿಕೇಟ್ ಕೇಳಿದ್ರ?”

“ಮಣ್ಣೆತ್ತಿನ ಅಮಾಸಿ ಇನ್ನೂ ಬಂದೇ ಇಲ್ಲಲ್ರಿ ಚಾಚಾ!”

“ಮಿಯಾ, ದುಬೈ ಏರ್‌ಪೋರ್ಟಿನಾಗ ಅಮಾಸಿ ನಡೆಯಂಗಿಲ್ಲ.”

ಧೋಂಡೆ ತಿಂಗಳು ಮುಗಿದದ್ದು ಜೂನ್ ಹದಿನೈದಕ್ಕೆ. ಅಂದರೆ ಪರವಾನಗಿ ಕಡೆಯ ಉಸಿರು ಎಳೆಯುತ್ತಿದ್ದ ವಾರ ಅದರ ಯಜಮಾನರು ನಮ್ಮ ಮನೆಯಲ್ಲಿ ಕಾಲು ಚಾಚಿ ಅನಾರಸ ತಿನ್ನುತ್ತಿದ್ದರು. ದುಬೈದವರು ಅಂತ ಮರ್ಯಾದೆ ಮಾಡಿ ಮಾಡಿಯೇ ನಾವು ಅವರ ದುಬೈ ಮುಗಿಸಿದ್ದೆವು.

ಸುವರ್ಣಾ ಸೆರಗು ಬಾಯಿಗೆ ಇಟ್ಟುಕೊಂಡಳು. ಸಾಬರು ಅಳುತ್ತಾಳೆ ಅಂತ ತಿಳಿದು ನೀರು ತರಿಸಿದರು. ಹೆತ್ತವಳು ನಾನು, ಅದು ಯಾವ ಅಳು ಅಂತ ನನಗೆ ಗೊತ್ತಿತ್ತು.

ಬಸ್ಸಿನಲ್ಲಿ ಹುಲಗೇಶಪ್ಪನವರು ಅಂದದ್ದು ಒಂದೇ ಮಾತು: “ಅತ್ತಿ, ಮಾವಾರಿಗೆ ಹೇಳಬ್ಯಾಡ್ರಿ.”

ನಾನು ಹೇಳಲಿಲ್ಲ. ಆದರೆ ಮಾವ ಆಗಲೇ ಇಡೀ ಓಣಿಗೆ ಹೇಳಿ ಮುಗಿಸಿದ್ದರು. ಒಂಬತ್ತನೇ ತಾರೀಖು ಮುಂಜಾನೆ ಓಣಿಯ ಮಂದಿ ನೆರೆದರು. ನೆರೆಮನೆಯ ಗೋದಾವರಿ ಬಾಯಿ ಕುಂಕುಮ ಹಚ್ಚಿ, ತನ್ನ ಮೊಣಕಾಲಿಗೆ ಅಲ್ಲಿನ ಎಣ್ಣೆ ತಪ್ಪದೆ ತಾ ಅಂದಳು. ನಮ್ಮ ಮನೆಯವರು ಹಾರ ಹಾಕಿದರು. ಹಾರ ಹಾಕಿಸಿಕೊಂಡ ಮನುಷ್ಯನ ಮುಖ ನೋಡಿದರೆ ಬಲಿಗೆ ಹೊರಟ ಟಗರು ನೆನಪಾಗುತ್ತಿತ್ತು.

“ಬೇಗಂಪೇಟ್ ಏರ್‌ಪೋರ್ಟ್!” ಅಂತ ನಮ್ಮ ಮನೆಯವರು ಆಟೋದವನಿಗೆ ಓಣಿಗೆಲ್ಲ ಕೇಳುವಂತೆ ಕೂಗಿದರು. ಗುಟ್ಟು ತಿಳಿದು ಜೊತೆಗೆ ಕೂತ ಬಸು ತಿರುವಿನಲ್ಲಿ ಮೆಲ್ಲಗೆ, “ಮಾದಾಪುರ,” ಅಂದನಂತೆ.

ಅಲ್ಲಿ ಹನ್ನೊಂದನೇ ಅಂತಸ್ತಿಗೆ ಸ್ಲ್ಯಾಬ್ ಹಾಕುವ ಕೆಲಸ ನಡೆದಿತ್ತು. ಮೇಸ್ತ್ರಿ ಈ ಸಲವೂ ಮಾಯವಾದ ಅಂತ ಬಯ್ಯುತ್ತಿದ್ದ ಎಂಜಿನಿಯರು, ಕೊರಳಲ್ಲಿ ಚೆಂಡುಹೂವಿನ ಹಾರ, ಕೈಯಲ್ಲಿ ಸೂಟ್‌ಕೇಸು ಹಿಡಿದು ಬಂದ ಇವರನ್ನು ನೋಡಿ ಬಾಯಿ ತೆರೆದು ನಿಂತನಂತೆ. ನಾಲ್ಕು ದಿನ ಹುಲಗೇಶಪ್ಪನವರು ಸೈಟು ಬಿಟ್ಟು ಇಳಿಯಲಿಲ್ಲ. ಸಿಮೆಂಟು ಚೀಲದ ಮೇಲೆ ಮಲಗಿ, ಎದ್ದು, ಸ್ಲ್ಯಾಬಿಗೆ ನೀರು ಹೊಡೆಸಿದರು. ಇಷ್ಟು ನಿಯತ್ತಿನ ಮನುಷ್ಯನನ್ನು ಕಂಡಿಲ್ಲ ಅಂತ ಎಂಜಿನಿಯರು ಅವರ ಹೆಸರನ್ನು ಖಾಯಂ ಪಟ್ಟಿಗೆ ಬರೆಸಿದ.

ಇತ್ತ ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು, “ಅಲ್ಲಿ ಈಗ ಭಾಳ ಬಿಸಿಲಂತ. ಆದರೂ ನಮ್ಮವರಿಗೆ ರೂಢಿ ಐತಿ,” ಅನ್ನುತ್ತಿದ್ದರು. ಒಳಗೆ ಬಸು ಊಟದ ಡಬ್ಬಿ ತಗೊಂಡು ಪಿಸುಗುಡುತ್ತಿದ್ದ:

“ಅತ್ತಿ, ದುಬೈಗೆ ಹೊಂಟೀನಿ. ಏನರ ಹೇಳೋದು ಐತೇನ್ರಿ?”

“ರೊಟ್ಟಿಗೆ ಹಚ್ಚಿಕೊಳ್ಳೊ ಶೇಂಗಾ ಹಿಂಡಿ ಮುಗದಿದ್ರ ಹೇಳಂತ ಹೇಳಪ್ಪ.”

ಐದನೇ ದಿನ ಅವರು ತಿರುಗಿ ಬಂದರು. ಗೋದಾವರಿ ಬಾಯಿಗೆ ಎಣ್ಣೆಯ ಸೀಸೆ ಕೊಟ್ಟರು. ಸುಲ್ತಾನ್ ಬಜಾರಿನದು. ಅವಳು ಹಚ್ಚಿಕೊಂಡು, ಆ ದೇಶದ ಸಾಮಾನೇ ಬೇರೆ ಬಿಡ್ರಿ ಅಂದಳು.

ಪರವಾನಗಿ ಸತ್ತು ಎಷ್ಟೋ ವರ್ಷ ಆಯಿತು. ಹುಲಗೇಶಪ್ಪನವರು ಮಾತ್ರ ಈಗ ಅಮಾಸಿಯನ್ನು ನಂಬುವುದಿಲ್ಲ. ಗೋಡೆಗೆ ತಾರೀಖಿನ ಕ್ಯಾಲೆಂಡರ್ ಹಾಕಿದ್ದಾರೆ, ದಿನಾ ಒಂದು ಗೀಟು ಎಳೆಯುತ್ತಾರೆ. ಪರವಾನಗಿ ಜೀವಂತ ಇದ್ದಾಗ ಒಂದೇ ಸಲ ಎಣಿಕೆ ತಪ್ಪಿದರು. ಅದು ಸತ್ತ ಮೇಲೆ ಒಂದು ದಿನವೂ ತಪ್ಪಿಲ್ಲ. ನೂರೆಪ್ಪತ್ತೈದನೇ ಗೀಟು ಬಿದ್ದ ದಿನ ಸೂಟ್‌ಕೇಸು ಒರೆಸಿ ಇಡುತ್ತಾರೆ. ಸುವರ್ಣಾ ಹಿಟ್ಟು ನಾದುವ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಸುರಿದುಕೊಂಡು ನನ್ನನ್ನು ಕೇಳುತ್ತಾಳೆ:

“ಅವ್ವಾ, ಈ ಸಲ ದುಬೈ ಹದಿನಾಲ್ಕನೇ ಅಂತಸ್ತಿನ್ಯಾಗ ಐತಂತ. ಏರಿ ಏರಿ ಹಸಿವಾಗ್ತೈತಿ, ಎರಡು ರೊಟ್ಟಿ ಹೆಚ್ಚಿಗಿ ಕಟ್ಟಲೇನು?”