ದಾರ ಕಟ್ಟಿದ ಹೆಡ್‌ಫೋನು

ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದ ಲ್ಯಾಬಿನಲ್ಲಿ ಸರಿಯಾಗಿ ಕೇಳಿಸುವ ಹೆಡ್‌ಫೋನು ಇದ್ದದ್ದು ಒಂದೇ ಒಂದು. ಅದನ್ನೂ ಎಡಿಟಿಂಗ್ ಟೇಬಲ್ಲಿನ ಕಾಲಿಗೆ ನೈಲಾನ್ ದಾರದಿಂದ ಕರುವಿನ ಹಾಗೆ ಕಟ್ಟಿ ಹಾಕಿದ್ದರು. ಮೊದಲಿದ್ದವು ಶೂಟಿಂಗಿಗೆಂದು ಹೊರಗೆ ಹೋದವು, ತಿರುಗಿ ಬರಲಿಲ್ಲ. ಯಾರನ್ನು ಕೇಳಿದರೂ ‘ನಾ ಅಲ್ರೀ’ ಎಂಬ ಒಂದೇ ರಾಗ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ಲ್ಯಾಬ್ ನೋಡಿಕೊಳ್ಳುವ ಅಲ್ಲಾವುದ್ದೀನ್ ಸರ್ ಉಳಿದದ್ದನ್ನು ಕಟ್ಟಿ ಹಾಕಿದರು. ಅಂದಿನಿಂದ ಕ್ಯಾಮೆರಾ ಊರೂರು ತಿರುಗಿತು, ಕಾಲರ್ ಮೈಕೂ ತಿರುಗಿತು, ಕಿವಿ ಮಾತ್ರ ಲ್ಯಾಬಿನಲ್ಲೇ ಉಳಿಯಿತು. ಮೈಕು ಏನೇನು ಕೇಳಿಸಿಕೊಂಡಿದೆ ಅನ್ನುವುದು ಲ್ಯಾಬಿಗೆ ತಂದು ಹಾಕುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಂಥಾ ಶಾಣ್ಯಾತನ ನೋಡಿರಿ!

ಆ ಶಾಣ್ಯಾತನದ ಫಲ ಉಣ್ಣಬೇಕಾದವಳು ಶುಭದಾ. ಅವಳೂ ಸುಷ್ಮಿತಾಳೂ ಎಂ.ಎ. ಕೊನೆಯ ವರ್ಷದಲ್ಲಿ ಜೋಡಿ. ಸುಷ್ಮಿತಾ ಕ್ಯಾಮೆರಾ ಹಿಡಿಯುವವಳು, ಶುಭದಾ ಎಡಿಟ್ ಮಾಡುವವಳು. ಕಮಲಾಪುರದ ಕೆಂಪು ಬಾಳೆಯ ಮೇಲೆ ಇಬ್ಬರೂ ಒಂದು ಸಣ್ಣ ಚಿತ್ರ ಮಾಡುತ್ತಿದ್ದರು. ಅದೇ ಊರಿನ ಸುಷ್ಮಿತಾ, ಸಂತೆಯಲ್ಲಿ ಬಾಳೆಹಣ್ಣು ಮಾರುವ ತನ್ನ ತಾಯಿ ಚಂದಮ್ಮನನ್ನೇ ಮಾತಾಡಿಸಿ ತಂದಿದ್ದಳು.

ಸೋಮವಾರ ಶುಭದಾ ಒಬ್ಬಳೇ ಕೂತು ಆ ಶೂಟಿಂಗ್ ನೋಡುತ್ತಿದ್ದಳು. ಚಂದಮ್ಮನ ಮಾತು ಮುಗಿಯಿತು. ಆಮೇಲೆ ಸುಷ್ಮಿತಾ ಕ್ಯಾಮೆರಾ ಹೊತ್ತು ಮನೆಯ ಹಿಂದಿನ ತೋಟಕ್ಕೆ ಹೋಗಿದ್ದಳು. ತಾಯಿಯ ಸೆರಗಿಗೆ ಸಿಗಿಸಿದ ವೈರಿಲ್ಲದ ಮೈಕು ತೆಗೆಯುವುದನ್ನು ಮರೆತಿದ್ದಳು. ಪರದೆಯ ಮೇಲೆ ಬಾಳೆಯ ಎಲೆ ಅಲ್ಲಾಡುತ್ತಿತ್ತು. ಕಿವಿಯಲ್ಲಿ ಚಂದಮ್ಮ ಪಕ್ಕದ ಮನೆಯ ಗುಂಡಮ್ಮನ ಜೊತೆ ಮಾತಾಡುತ್ತಿದ್ದಳು.

“ಎದಿಯಾಗಿನ ಗಂಟು ದೊಡ್ಡದಾಗ್ಯದ ಗುಂಡವ್ವಾ. ಡಾಕ್ಟರಬಾಯಿ ಜಲ್ದಿ ಆಪರೇಷನ್ ಮಾಡಿಸ್ರಿ, ತಡಾ ಮಾಡಿದ್ರ ಕೈಮೀರಿ ಹೋಗ್ತದ ಅಂದಾರ.”

“ಯವ್ವಾ! ಮತ್ತ ಸುಷ್ಮಿಗಿ ಹೇಳೀಯೇನು?”

“ಬಾಯಿ ಮುಚ್ಚು. ಆಕಿ ಪರೀಕ್ಷಿ ಮುಗೀಲಿ. ಹ್ವಾದ ವರ್ಷ ನನಗ ಬರೇ ಡೆಂಗಿ ಬಂದಿದ್ದಕ್ಕ ಪೇಪರ್ ಬಿಟ್ಟು ಬಂದು ಕುಂತಿದ್ದಳು. ಇದು ಗೊತ್ತಾದ್ರ ಪುಸ್ತಕ ಮುಟ್ತಾಳೇನು? ನನ್ನ ಮ್ಯಾಲ ಆಣಿ ಮಾಡು, ಹೇಳಂಗಿಲ್ಲಂತ.”

ಶುಭದಾ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಸುಷ್ಮಿತಾ ಕ್ಯಾಂಟೀನಿನಿಂದ ಚಹಾ ಹಿಡಿದು ಬಂದಳು.

“ಹೆಂಗ ಬಂದದಲೇ? ನಮ್ಮವ್ವ ಹೀರೋಯಿನ್ ಕಂಡಂಗ ಕಾಣ್ತಾಳಲ್ಲ?”

“ಚಲೋ ಬಂದದ” ಅಂದಳು ಶುಭದಾ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಚಹಾ ಬಾಯಿ ಸುಡುವ ಹಾಗೆ ಒಂದೇ ಸಲಕ್ಕೆ ಕುಡಿದಳು.

ಮನೆಯಲ್ಲಿ ಅವಳ ಅಜ್ಜಿ ಸರಸ್ವತೀಬಾಯಿ ಮೊಮ್ಮಗಳ ಮುಖ ನೋಡಿ, “ಕಾಯ್ ಝಾಲಂ ಗ?” ಎಂದು ಮರಾಠಿಯಲ್ಲಿ ಕೇಳಿದಳು. ಏನಾಯಿತೇ ಎಂದು ಕೇಳಿದರೆ ಏನಂತ ಹೇಳುವುದು? ಯಾರ ಹೆಸರೂ ಎತ್ತದೆ ಶುಭದಾ, ಮಂದಿಯ ಮನೆಯ ಮಾತು ಕಿವಿಗೆ ಬಿದ್ದರೆ ಏನು ಮಾಡಬೇಕು ಎಂದಳು. “ಕಿವಿಗೆ ಬಿದ್ದದ್ದು ಕಿವಿಯೊಳಗೇ ಇರಬೇಕು. ಅದು ನಮ್ಮ ಮನಿ ಪದ್ಧತಿ” ಅಂದಳು ಅಜ್ಜಿ. ಪದ್ಧತಿಯೇನೋ ಸರಿ. ಆದರೆ ಗಂಟು ಯಾವ ಪದ್ಧತಿ ಕೇಳುತ್ತದೆ? ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡಂತಾಯಿತು ಹುಡುಗಿಗೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬುಧವಾರ ಗೆಳತಿಗೆ ‘ಮನ್ಯಾಗ ಪೂಜಾ ಅದ’ ಎಂದು ಹೇಳಿ ಕಮಲಾಪುರದ ಬಸ್ಸು ಹತ್ತಿದಳು. ಚಂದಮ್ಮ ಬಾಗಿಲಲ್ಲೇ ಅವಳ ಗಲ್ಲ ಹಿಡಿದಳು. “ಸುಷ್ಮಿ ಎಲ್ಲಿ? ನೀ ಒಬ್ಬಾಕೀನೇ ಬಂದೀ?” ಎನ್ನುತ್ತಲೇ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ತಿಂದ ಮೇಲೆ ಹೇಳೋಣ ಎಂದುಕೊಂಡು ಶುಭದಾ ತಿಂದಳು. ತಪ್ಪು ಮಾಡಿದ್ದೇ ಅಲ್ಲಿ. ಮೊದಲು ಹೇಳಿ ಆಮೇಲೆ ತಿನ್ನಬೇಕಿತ್ತು.

“ಅವ್ವಾರ, ಅವತ್ತ ಮೈಕ್ ನಿಮ್ಮ ಸೆರಗಿನ್ಯಾಗೇ ಉಳಿದಿತ್ತು. ನೀವು ಗುಂಡವ್ವಾರ ಮುಂದ ಹೇಳಿದ್ದು ಎಲ್ಲಾ ನಾ ಕೇಳೀನ್ರಿ.”

ಚಂದಮ್ಮನ ಕೈ ತಾನಾಗಿಯೇ ಸೆರಗಿಗೆ ಹೋಯಿತು, ಮೈಕು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. “ಸುಷ್ಮಿ ಕೇಳ್ಯಾಳೇನು?”

“ಇಲ್ರಿ. ಆದ್ರ ಆಕಿಗೆ ಹೇಳ್ರಿ ಅವ್ವಾರ. ನಿಮಗ ಕೈ ಮುಗೀತೀನಿ. ಇಂಥಾದ್ದು ಪರೀಕ್ಷಿ ಮಟಾ ಕಾಯಂಗಿಲ್ರಿ.”

“ಕಾಯ್ತದ ತಾಯಿ. ಎಲ್ಲಾ ಕಾಯ್ತದ.” ಚಂದಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. “ನನ್ನ ಮನಿ ರೊಟ್ಟಿ ಉಂಡೀ. ಉಂಡ ಮನಿಗಿ ಎರಡು ಬಗೀಬ್ಯಾಡ. ಆ ಮಾತು ಅಳಿಸಿಬಿಡು.”

ಬರುವಾಗ ಅವಳ ಓಢಣಿಯಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು ಕಟ್ಟಿ ಕೊಟ್ಟಳು. ಅಷ್ಟು ಹಗುರ ಹಣ್ಣು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಕಲ್ಲಾಗಿ ಕೂತಿತ್ತು. ಶುಭದಾಗೆ ತನ್ನ ಮೇಲೆ, ಚಂದಮ್ಮನ ಮೇಲೆ, ಆ ಹಾಳು ಮೈಕಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಅಳಿಸಲಿಲ್ಲ, ಹೇಳಲೂ ಇಲ್ಲ. ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಶನಿವಾರ ಲ್ಯಾಬಿನ ಪದ್ಧತಿಯಂತೆ ಅಲ್ಲಾವುದ್ದೀನ್ ಸರ್ ಕಂಪ್ಯೂಟರಿನಲ್ಲಿ ಜಾಗ ಮಾಡಲು ಕೂತರು. ಇರುವುದು ಒಂದೇ ಕಂಪ್ಯೂಟರು, ಎಲ್ಲರ ಶೂಟಿಂಗೂ ಅದರಲ್ಲೇ. ಬೇಡವಾದದ್ದನ್ನು ವಾರಕ್ಕೊಮ್ಮೆ ಅಳಿಸದಿದ್ದರೆ ಮುಂದಿನವರಿಗೆ ಜಾಗವಿಲ್ಲ.

“ಕಮಲಾಪುರದ್ದು ಉಳಿದಿದ್ದು ಅಳಿಸ್ಲೇನವಾ? ನಿಮ್ಮ ಕೆಲಸ ಮುಗದದಲ್ಲ?”

“ಅಳಿಸ್ರಿ ಸರ್” ಅಂದಳು ಸುಷ್ಮಿತಾ ನಗುತ್ತ. “ಬರೇ ಬಾಳಿಗಿಡ ಅವ.”

ಅಳಿಸಲಿ, ಪೀಡೆ ಹೋಗಲಿ, ತಾನು ಕೇಳಿಯೇ ಇಲ್ಲ ಅಂದುಕೊಂಡರಾಯಿತು ಎಂದು ಒಂದು ಗಳಿಗೆ ಶುಭದಾಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನಗೇ ಹೇಸಿಗೆಯಾಯಿತು.

“ನಿಲ್ರಿ ಸರ್!” ದನಿ ಅಷ್ಟು ಜೋರಾಗಿ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. “ಸುಷ್ಮಿ, ಇಲ್ಲಿ ಕೂಡು. ಇದನ್ನ ಕೇಳು.”

ದಾರ ಗಿಡ್ಡ. ಹೆಡ್‌ಫೋನು ಹಾಕಿಕೊಳ್ಳಬೇಕಾದರೆ ಸುಷ್ಮಿತಾ ಮೇಜಿಗೆ ಬಾಗಿಯೇ ಕೂರಬೇಕು. ಬಾಗಿ ಕೂತಳು. ಪರದೆಯ ಮೇಲೆ ಬಾಳೆಯ ಎಲೆ ಅಲ್ಲಾಡಿತು. ಅವಳ ಮುಖದ ನಗೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಆಮೇಲೆ ಇರಲಿಲ್ಲ. ಏನೋ ತಿಳಿದ ಅಲ್ಲಾವುದ್ದೀನ್ ಸರ್ ಎದ್ದು ಹೊರಗೆ ಹೋದರು.

ಸುಷ್ಮಿತಾ ಹೆಡ್‌ಫೋನು ತೆಗೆದಳು. ಗಂಟಿನ ಬಗ್ಗೆ ಕೇಳಲಿಲ್ಲ.

“ನೀ ಯಾವತ್ತ ಕೇಳಿದಿ ಇದನ್ನ?”

“ಸೋಮವಾರ.”

“ಇವತ್ತ ಶನಿವಾರ, ಶುಭದಾ.”

“ನಿಮ್ಮವ್ವಾರು ಹೇಳಬ್ಯಾಡ ಅಂದ್ರು...”

“ಅವ್ವನ್ನ ಕಂಡು ಬಂದೀಯಾ? ಪೂಜಾ ಅಂದಿದ್ದಿ ಅಲ್ಲ!” ಸುಷ್ಮಿತಾ ಎದ್ದು ನಿಂತಳು. “ಉಂಡೂ ಬಂದಿರಬೇಕಲ್ಲ? ನನ್ನ ಅವ್ವನ ಕೈಲೇ?”

ಶುಭದಾ ತಲೆ ತಗ್ಗಿಸಿದಳು. ಸುಷ್ಮಿತಾ ಚೀಲ ಹೆಗಲಿಗೇರಿಸಿ ಓಡುತ್ತಲೇ ಹೋದಳು. ಹಿಂದೆ ಹೋಗುವ ಧೈರ್ಯ ಶುಭದಾಗೆ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಫೋನು ಬಂತು. ಚಂದಮ್ಮ.

“ಹೇಳಿಬಿಟ್ಟಿ ಅಲ್ಲವ್ವಾ. ಬಸ್ಸಿನ್ಯಾಗ ಕುಂತು ಫೋನ್ ಮಾಡಿ ಅಳಾಕತ್ತಾಳ. ನಾಳೀನೇ ದವಾಖಾನಿಗಿ ನಡಿ ಅಂತಾಳ.”

“ತಪ್ಪಾತ್ರೀ ಅವ್ವಾರ. ನನ್ನ ಕೈಲೆ ಆಗಲಿಲ್ರೀ.”

ಆ ಕಡೆ ಬೈಗುಳ ಬರಲಿಲ್ಲ. ಚಂದಮ್ಮ ಕೇಳಿದಳು: “ಆಕಿ ಉಂಡು ಹ್ವಾದಳೇನು?”

ಶುಭದಾ ಮೇಜಿನ ಮೇಲೆ ನೋಡಿದಳು. ಹೆಡ್‌ಫೋನಿನ ಪಕ್ಕದಲ್ಲಿ ಸುಷ್ಮಿತಾಳ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

“ಇಲ್ರೀ” ಅಂದಳು. ಅಷ್ಟು ಹೊತ್ತು ತಡೆದಿದ್ದ ಅಳು ಒತ್ತರಿಸಿ ಬಂತು.

“ನೋಡು,” ಅಂದಳು ಚಂದಮ್ಮ, “ಇದಕ್ಕೇ ಹೇಳಬ್ಯಾಡ ಅಂದಿದ್ದೆ.”