ಹೊಸ ಸಾಫ್ಟ್‌ವೇರು, ಹಳೆ ಟ್ಯೂನಿಂಗು

ಬೇಡಕಿಹಾಳದ ಮಲಕಾರಿಗೆ ಬಾಡಿಗೆ ಕಾರೇ ಹೊಟ್ಟೆಪಾಡು. ಮದುವೆ, ಆಸ್ಪತ್ರೆ, ಸಂತೆ ಅಂತ ನಿಪ್ಪಾಣಿ-ಚಿಕ್ಕೋಡಿ ರಸ್ತೆಯಲ್ಲೇ ಅವನ ದಿನ ಕಳೆಯುತ್ತಿತ್ತು. ಜನ ತುಂಬಿದರೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ ಎಂದು ಸಂಭಾಜಿಯ ಗ್ಯಾರೇಜಿನಲ್ಲಿ ಇಂಜಿನ್ ಕಂಪ್ಯೂಟರನ್ನು ಟ್ಯೂನ್ ಮಾಡಿಸಿದ್ದ, ಅಂದರೆ ಹೆಚ್ಚು ಎಳೆತ ಬರುವಂತೆ ಅದರ ಸಾಫ್ಟ್‌ವೇರ್ ತಿದ್ದಿಸಿದ್ದ. ಆಮೇಲೆ ಗಾಡಿ ಕುದುರೆಯ ಹಾಗೆ ಓಡುತ್ತಿತ್ತು.

ಮೊನ್ನೆ ಶೋರೂಮಿನಲ್ಲಿ ಸರ್ವಿಸಿಂಗ್ ಮುಗಿಸಿ ಹೊರಟರೆ, ಆ ಎಳೆತವೇ ಇಲ್ಲ!

“ಇಂಜಿನ್ ಕೆಡಿಸಿ ಕಳಿಸ್ಯಾರ ನೋಡ!” ಎಂದು ಅಂಗಳದಲ್ಲಿ ಹೆಂಡತಿ ಸುಜಾತಾಳ ಮುಂದೆ ಕೂಗಾಡಿದ.

ಪಕ್ಕದ ಮನೆಯ ನಾಜಿಮಾ ಹೊರಗೆ ಬಂದಳು. ಅವಳು ಚಿಕ್ಕೋಡಿಯಲ್ಲಿ ಹುಡುಗರಿಗೆ ಗಾಡಿ ರಿಪೇರಿ ಕಲಿಸುವ ಶಿಕ್ಷಕಿ.

“ಅಣ್ಣಾರ, ಸಾಫ್ಟ್‌ವೇರ್ ಅಪ್‌ಡೇಟ್ ಏನರ ಮಾಡ್ಯಾರೇನ್ರಿ?”

“ಹೌದಂತ. ಹಂಗ ಅಂದ್ರು.”

“ಹಂಗಾದ್ರ ಇಂಜಿನ್ ಕೆಟ್ಟಿಲ್ರಿ. ಕಂಪನಿಯವರು ಹೊಸಾದು ಹಾಕಿದ್ರ ನೀವು ಮಾಡಿಸಿದ ಟ್ಯೂನಿಂಗ್ ಅಳಿಸಿ ಹೋಗಿರ್ತೈತಿ. ಕರಿಹಲಗಿ ಒರಸಿ ಹೊಸಾದು ಬರದಂಗ. ಟ್ಯೂನ್ ಮಾಡಿಸೀನಿ ಅಂತ ಅವರಿಗೆ ಹೇಳಿದ್ರೇನು?”

“ವಾರಂಟಿ ಹೋಗ್ತೈತಂತ ಬಾಯಿ ಬಿಡಲಿಲ್ಲ. ಇರ್ಲಿ, ಸಂಭಾಜಿ ಹತ್ರ ಟ್ಯೂನಿಂಗಿನ ಹಳೇ ಫೈಲ್ ಐತಿ. ಮತ್ತ ಹಾಕಿಸ್ಕೊಂಡ ಬರ್ತೀನಿ.”

“ಬ್ಯಾಡ್ರಿ. ಅದು ಹಳೇ ಸಾಫ್ಟ್‌ವೇರಿಗೆ ಹೊಂದಿಸಿದ ಫೈಲ್. ಹೊಸದಕ್ಕ ಕೂಡತೈತೋ ಇಲ್ಲೋ ನೋಡದ ತುರುಕಿದ್ರ ನಡುದಾರ್ಯಾಗ ಕೈ ಕೊಡ್ತೈತಿ.”

“ಎಲ್ಲಾ ಪುಸ್ತಕದ ಮಾತು ಬಿಡ್ರಿ,” ಎಂದ ಮಲಕಾರಿ. ಮರುದಿನವೇ ಹಾಕಿಸಿಕೊಂಡು ಬಂದ.

ಆ ವಾರವೇ ಅವನ ತಾಯಿ ಸಾವಕ್ಕನಿಗೆ ಉಸಿರಾಟದ ತೊಂದರೆಯಾಯಿತು. ಕಾರಿನಲ್ಲಿ ಕೂರಿಸಿಕೊಂಡು ನಿಪ್ಪಾಣಿಯ ಆಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಇಂಜಿನ್ನಿನ ಎಚ್ಚರಿಕೆ ಲೈಟ್ ಹತ್ತಿತು. ಎಕ್ಸಲರೇಟರ್ ಎಷ್ಟು ಒತ್ತಿದರೂ ಗಾಡಿ ಎತ್ತಿನ ಬಂಡಿಗಿಂತ ಮುಂದೆ ಹೋಗಲೊಲ್ಲದು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಹಾರ್ನು, ಪಕ್ಕದಲ್ಲಿ ತಾಯಿಯ ಏದುಸಿರು.

“ಯವ್ವಾ, ತಡಿಬೇ, ಈಗ ಮುಟ್ಟತೀವಿ,” ಅನ್ನುತ್ತಲೇ ಇದ್ದ. ಕೊನೆಗೆ ರಸ್ತೆಗಿಳಿದು ಕೈ ಅಡ್ಡ ಮಾಡಿದ. ಬೋರಗಾಂವದ ಕಡೆಯಿಂದ ಬಂದ ಟೆಂಪೊದವರು ನಿಲ್ಲಿಸಿ ಹತ್ತಿಸಿಕೊಂಡರು.

ಸಾವಕ್ಕ ಬದುಕಿಕೊಂಡಳು. “ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು,” ಎಂದರು ಡಾಕ್ಟರು. ಊರಿನವರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸಿದವನಿಗೆ ತನ್ನ ತಾಯಿಯನ್ನು ಮುಟ್ಟಿಸಲಾಗಲಿಲ್ಲ. ಅದು ಮಲಕಾರಿಯ ಎದೆಗೆ ನಾಟಿತು.

ತಾಯಿ ಮನೆಗೆ ಬಂದ ಮೇಲೆ ಅವನೇ ನಾಜಿಮಾಳ ಬಾಗಿಲಿಗೆ ಹೋದ. “ಅಕ್ಕಾರ, ನಿಮ್ಮ ಮಾತು ಕೇಳಬೇಕಿತ್ತು. ಈಗ ಏನ್ ಮಾಡ್ಲಿ?”

“ಶೋರೂಮಿಗೆ ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ಏನಾಗೈತಿ ಅಂತ ಗೊತ್ತಿಲ್ಲದ ಅವರಾದ್ರೂ ಹೆಂಗ ಸರಿ ಮಾಡ್ಬೇಕು?”

ಹೇಳಿದ. ಅಲ್ಲಿನವರು ಮುಖ ಗಂಟಿಕ್ಕಿದರು. ಇಂಜಿನ್ನಿಗೆ ಮುಂದೆ ಏನಾದರೂ ಆದರೆ ವಾರಂಟಿ ಸಿಗುವುದು ಕಷ್ಟ ಎಂದೂ ಹೇಳಿದರು. ಆದರೆ ಕಂಪನಿಯ ಸಾಫ್ಟ್‌ವೇರನ್ನೇ ಮತ್ತೆ ಪೂರ್ತಿ ಹಾಕಿ, ಓಡಿಸಿ ನೋಡಿ ಕೊಟ್ಟರು.

“ಎಳೆತಾ ಕಮ್ಮಿ ಆತಲ್ಲಾ?” ಎಂದು ಸುಜಾತಾ ಕೇಳಿದಳು.

“ಇಂಜಿನ್ ತಪ್ಪಲ್ಲ. ಸೀಟಿಗಿಂತ ಹೆಚ್ಚಿಗಿ ಮಂದಿ ತುಂಬತಿದ್ದವ ನಾನು. ಇನ್ಮ್ಯಾಲ ತುಂಬೂದಿಲ್ಲ.”

ಅಣ್ಣಂದಿರೇ, ಅಕ್ಕಂದಿರೇ, ಗಾಡಿಯ ಕಂಪ್ಯೂಟರಿಗೆ ಕೈ ಹಚ್ಚಿಸುವ ಮೊದಲು ವಾರಂಟಿ, ವಿಮೆ, ಹೊಗೆ ತಪಾಸಣೆಯ ನಿಯಮ ವಿಚಾರಿಸಿ. ಈಗಾಗಲೇ ಮಾಡಿಸಿದ್ದರೆ ಸರ್ವಿಸಿಂಗಿಗೆ ಬಿಡುವಾಗ ಮುಚ್ಚಿಡಬೇಡಿ. “ಸಾಫ್ಟ್‌ವೇರ್ ಬದಲಿಸುತ್ತೀರಾ?” ಎಂದು ಬಾಯಿಬಿಟ್ಟು ಕೇಳಿ. ಬದಲಿಸಿದ ಮೇಲೆ ಹಳೆಯ ಫೈಲನ್ನು ಹಾಗೇ ಹಾಕಿಸಬೇಡಿ. ನಿಮ್ಮ ಗಾಡಿ ಹತ್ತುವವರು ಇಂಜಿನ್ ನೋಡಿ ಹತ್ತುವುದಿಲ್ಲ, ನಿಮ್ಮ ಮುಖ ನೋಡಿ ಹತ್ತುತ್ತಾರೆ.