ಗಾಳಿಗೆ ಕೊಟ್ಟ ಕೋಣೆ

ನಮ್ಮ ಮನೆಯ ಒಳ್ಳೆಯ ಕೋಣೆಯಲ್ಲಿ ಗಾಳಿ ವಾಸವಾಗಿತ್ತು. ಅಜ್ಜಿ ಮಲಗುತ್ತಿದ್ದದ್ದು ಬಚ್ಚಲಿಗೆ ಹೋಗುವ ಪ್ಯಾಸೇಜಿನಲ್ಲಿ.

ಗಾಳಿ ಹಾಗೇ ಬಿಡುಬೀಸಾಗಿ ನುಗ್ಗಿ ಕೂತಿರಲಿಲ್ಲ. ಮರ್ಯಾದಸ್ಥರ ಹಾಗೆ ಪೆಟ್ಟಿಗೆಗಳ ಒಳಗೆ ಕೂತಿತ್ತು. ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಮನೆ. ಕೆಳಗೆ ಕಾರ್ಖಾನೆ, ಮೇಲೆ ಸಂಸಾರ, ಎರಡರ ನಡುವೆ ಅಂಟಿನ ವಾಸನೆ. ಬಿಸ್ಕತ್ತಿನ ತೆಳು ಡಬ್ಬಿ ಗಿಬ್ಬಿ ನಾವು ಮುಟ್ಟುವುದಿಲ್ಲ. ಗಡಿಯಾರ, ಪಿಂಗಾಣಿ, ಕಾಲಿಗೆ ಹಾಕಲು ಮನಸ್ಸೇ ಬಾರದಷ್ಟು ದುಬಾರಿ ಚಪ್ಪಲಿ, ಇಂಥವುಗಳಿಗೆ ದಪ್ಪ ರಟ್ಟಿನ ಪೆಟ್ಟಿಗೆ. ಗುದ್ದಿದರೆ ಗುದ್ದಿದವರ ಕೈಗೇ ನೋವು. ಆದರೆ ಒಳಗೆ ಹಾಕುವ ಸಾಮಾನು ಬರುವ ತನಕ ಅವು ಎಲ್ಲೋ ಇರಬೇಕಲ್ಲ? ಖಾಲಿ ಪೆಟ್ಟಿಗೆ ತುಂಬಿದ ಪೆಟ್ಟಿಗೆಯಷ್ಟೇ ಜಾಗ ತಿನ್ನುತ್ತದೆ. ಅದಕ್ಕೆ ನಾಚಿಕೆ ಅನ್ನುವುದೇ ಇಲ್ಲ.

"ರಾಕ್ಷಸನ ಕಥೆ ಎಷ್ಟು ಸಲ ಹೇಳಿದೀನಿ ನಿಂಗೆ," ಅಂತ ಅಜ್ಜಿ ಮಂಚದ ಮೇಲೆ ಕಾಲು ಮುದುರಿಕೊಂಡು ಹೇಳಿದಳು. ಬಚ್ಚಲಿಗೆ ಹೋಗುವವರು ದಾಟಬೇಕಾದರೆ ಅಜ್ಜಿ ಕಾಲು ಮುದುರಲೇಬೇಕು. "ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು, ಅದರೊಳಗೆ ಅವನ ಪ್ರಾಣ. ಆ ಪೆಟ್ಟಿಗೆಗಳನ್ನ ಮಾಡಿಕೊಟ್ಟವನ ಮನೇಲಿ ಅವನಜ್ಜಿ ಎಲ್ಲಿ ಮಲಗ್ತಿದ್ಲು ಅಂತ ಒಂದು ದಿನಾನೂ ನಂಗೆ ಹೊಳೀಲಿಲ್ಲ ನೋಡು."

ಕಾರ್ಖಾನೆಯ ಯಜಮಾನಿ ನನ್ನಮ್ಮ, ಅಂದರೆ ಅಜ್ಜಿಯ ದೊಡ್ಡ ಮಗಳು. ಅಪ್ಪನದು ಅಂಟಿನ ಇಲಾಖೆ. ಅದರಲ್ಲಿ ಒಂದಿಷ್ಟನ್ನು ಅಪ್ಪ ತುಟಿಗೂ ಹಚ್ಚಿಕೊಂಡಿದ್ದಾನೆ ಅಂತ ಅಜ್ಜಿಯ ಅನುಮಾನ. ಹೊಸ ಪೆಟ್ಟಿಗೆಯ ಅಳತೆ, ಆಕಾರ ಯೋಚಿಸುವ ಕೆಲಸ ನನ್ನದು. ಕಣ್ಣು ಬಿಟ್ಟುಕೊಂಡೇ ಕನಸು ಕಾಣುವವಳಿಗೆ ಬೇರೆ ಯಾವ ಕೆಲಸ ಕೊಟ್ಟರೂ ಬೆರಳು ಕತ್ತರಿಸಿಕೊಳ್ಳುತ್ತಾಳೆ ಅಂತ ಅಮ್ಮ ಅದನ್ನು ನನಗೆ ವಹಿಸಿದ್ದಳು.

ಪರೀಕ್ಷೆ ಮಾತ್ರ ಅಮ್ಮನದೇ. ನಮ್ಮಲ್ಲಿ ಅದಕ್ಕೆ ಯಂತ್ರ ಇಲ್ಲ, ಅಮ್ಮ ಇದ್ದಾಳೆ. ದೇವರು ಅಮ್ಮನನ್ನು ಮಾಡುವಾಗ ಕೈ ಬಿಗಿ ಹಿಡಿದಿರಲಿಲ್ಲ. ಗಿರಾಕಿಯ ಎದುರಿಗೇ ಮಾದರಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಅದರ ಮೇಲೆ ಕೂತುಬಿಡುತ್ತಾಳೆ. ಕೂತು ಬೆಲೆ ಹೇಳುತ್ತಾಳೆ. ಪೆಟ್ಟಿಗೆ ಕಮಕ್ ಕಿಮಕ್ ಅನ್ನದೆ ಇರುವುದನ್ನು ನೋಡಿ ಗಿರಾಕಿಯೂ ಅನ್ನುವುದಿಲ್ಲ.

ಹೀಗಿರುವಾಗ ವಿಗ್ ವ್ಯಾಪಾರಿಯೊಬ್ಬ ಮೇಲಿನ ಮನೆಗೇ ಬಂದ. ಅವನ ತಲೆಯ ಮೇಲೆ ಅಷ್ಟು ದಟ್ಟವಾಗಿ, ಅಷ್ಟು ಕಪ್ಪಾಗಿ ಕೂದಲಿತ್ತು ಅಂದರೆ ಅಜ್ಜಿಗೆ ತಡೆಯಲಾಗಲಿಲ್ಲ. "ನಿಮ್ಮದೇನಾ?" ಅಂತ ಕೇಳಿಯೇಬಿಟ್ಟಳು.

"ನಮ್ಮಂಗಡೀದೇ ಅಮ್ಮ," ಅಂದ ಅವನು, ಹೆಮ್ಮೆಯಿಂದ.

ಅವನಿಗೆ ಗಟ್ಟಿ ಪೆಟ್ಟಿಗೆಗಳು ಬೇಕು. ಒಂದು ಸಲ ನಜ್ಜುಗುಜ್ಜಾದ ವಿಗ್ಗನ್ನು ತಲೆಗೆ ಇಟ್ಟುಕೊಂಡರೆ ಸತ್ತ ಬೆಕ್ಕನ್ನು ಹೊತ್ತ ಹಾಗೆ ಕಾಣುತ್ತದಂತೆ. ಆದರೆ ಖಾಲಿ ಪೆಟ್ಟಿಗೆ ಇಡಲು ಅವನಲ್ಲಿ ಜಾಗವಿಲ್ಲ. ಅಂಗಡಿಯ ಮೆಟ್ಟಿಲ ತುಂಬ ಈಗಾಗಲೇ ಪೆಟ್ಟಿಗೆ, ಕೆಲಸದವರು ಗೋಡೆ ಸವರಿಕೊಂಡು ಅಡ್ಡಡ್ಡ ಹತ್ತುತ್ತಾರೆ. ಅದಕ್ಕೆ, ಮಾಡಿದ್ದನ್ನೆಲ್ಲ ನೀವೇ ಇಟ್ಟುಕೊಳ್ಳಿ, ಬೇಕಾದಾಗ ತರಿಸಿಕೊಳ್ಳುತ್ತೇನೆ ಅಂದ. ಅಮ್ಮ ಒಪ್ಪಿಕೊಂಡಳು. ಮುಂದಿನ ವಾರ ಮಾದರಿ ನೋಡಲು ಬರುತ್ತೇನೆ ಅಂತ ಹೇಳಿ ಅವನು ಹೋದ.

ಅವನ ಬೆನ್ನು ಮರೆಯಾದ ಕೂಡಲೆ ಅಮ್ಮ ಪ್ಯಾಸೇಜಿನ ಕಡೆ ನೋಡಿದಳು. ಅಮ್ಮ ಹಾಗೆ ನೋಡಿದರೆ ಏನನ್ನೋ ಅಳೆಯುತ್ತಿದ್ದಾಳೆ ಅಂತಲೇ ಅರ್ಥ.

"ಅಮ್ಮ, ನೀನು ಸ್ವಲ್ಪ ದಿನ ಚಿಕ್ಕವಳ ಮನೇಲಿರು," ಅಂದಳು ಅಜ್ಜಿಗೆ.

ಅಜ್ಜಿಯ ಮುಖ ಇಳಿದುಹೋಯಿತು. ಚಿಕ್ಕಮ್ಮನ ಮನೆ ದೊಡ್ಡದು, ಚೊಕ್ಕಟ, ಸದ್ದಿಲ್ಲದ್ದು. ಚಿಕ್ಕಪ್ಪನಿಗೆ ನಿದ್ದೆ ಬಹಳ ತೆಳುವು, ಅದೂ ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ಹೇಳಲಾಗದು. ಅದಕ್ಕೆ ಅಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ. ಚಮಚಗಳ ಕೆಳಗೂ ಬಟ್ಟೆ ಹಾಸಿರುತ್ತಾರೆ.

"ಆ ಮನೇಲಿ ಕೆಮ್ಮಬೇಕಾದ್ರೂ ಮೊದಲೇ ಹೇಳಿಡಬೇಕು ಕಣೇ," ಅಂದಳು ಅಜ್ಜಿ. "ನಾನಲ್ಲಿ ಬಾಯಿ ಕಟ್ಟಿಕೊಂಡು ಎಷ್ಟು ದಿನ ಬದುಕ್ತೀನಿ?"

"ಪೆಟ್ಟಿಗೆ ಎಲ್ಲಿಡ್ಲಿ ಮತ್ತೆ? ನಿನ್ನ ತಲೆ ಮೇಲಾ?"

ಅಜ್ಜಿ ಮಾತಾಡದ ಮನೆಯನ್ನು ನಾನು ಕಂಡೇ ಇಲ್ಲ. ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಮಡಚಿದ್ರೆ?"

"ಯಾರನ್ನ? ನಿಮ್ಮಜ್ಜೀನಾ?"

"ಪೆಟ್ಟಿಗೇನ. ಖಾಲಿ ಇದ್ದಾಗ ಮಡಚಿ ಇಡೋದು, ಬೇಕಾದಾಗ ಎಬ್ಬಿಸೋದು."

ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ನಿಂತಿದ್ರೆ ಪೆಟ್ಟಿಗೆ. ಮಲಗಿದ್ರೆ ಅದು ಚಾಪೆ. ನಾವು ಚಾಪೆ ಮಾರಲ್ಲ." ಆದರೆ ಅಜ್ಜಿಯ ಮುಖ ನೋಡಿ ಅವಳಿಗೂ ಒಳಗೆಲ್ಲೋ ಚುರುಕ್ ಅಂದಿರಬೇಕು. "ಆಯ್ತು, ಮಾಡು. ಆ ಮನುಷ್ಯ ಒಪ್ಪಿದ್ರೆ ಹಳೇ ಪೆಟ್ಟಿಗೆಗಳನ್ನೆಲ್ಲ ಬಂದಷ್ಟಕ್ಕೆ ಮಾರಿ ಕೋಣೆ ಖಾಲಿ ಮಾಡಿಸ್ತೀನಿ. ಒಪ್ಪದೆ ಇದ್ರೆ ಅಮ್ಮ ಚಿಕ್ಕವಳ ಮನೆಗೆ."

ಮಾಡು ಅನ್ನುವುದು ಸುಲಭ. ಗಟ್ಟಿಯಾಗಿರುವುದಕ್ಕೂ ಮಡಚಿಕೊಳ್ಳುವುದಕ್ಕೂ ಹುಟ್ಟಾ ಜಗಳ. ನನ್ನ ಮೊದಲನೆಯ ಪೆಟ್ಟಿಗೆ ಮಡಚುತ್ತಲೇ ಇರಲಿಲ್ಲ. ರಟ್ಟು ರಟ್ಟಿನ ನಡುವೆ ಬಿಟ್ಟ ಸಂದು ಸಾಲದಾಗಿತ್ತು. ಎರಡನೆಯದು ಮಡಚುವುದನ್ನು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ನೇರ ನಿಲ್ಲಿಸಿ ಕೈ ತೆಗೆದರೆ ಮದುಮಗಳ ಹಾಗೆ ತಲೆ ತಗ್ಗಿಸಿ, ಆಮೇಲೆ ಕುಡುಕನ ಹಾಗೆ ಮಲಗುತ್ತಿತ್ತು. ಅಜ್ಜಿ ಮಂಚದಿಂದಲೇ ನೋಡಿ, "ಪಾಪ, ಅದನ್ನ ಬಯ್ಯಬೇಡ. ದಣಿದಿದೆ," ಅನ್ನುತ್ತಿದ್ದಳು.

ಸಂದು ರಟ್ಟಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು ಅಂತ ಗೊತ್ತಾಗುವಷ್ಟರಲ್ಲಿ ನನ್ನ ಉಗುರುಗಳೆಲ್ಲ ಅಂಟು ಕುಡಿದಿದ್ದವು. ಕಾಗದದ ಮಡಿಕೆ ಬೇಗ ಹರಿಯುತ್ತದೆ ಅಂತ ಒಳಗಡೆ ಬಟ್ಟೆಯ ಪಟ್ಟಿ ಅಂಟಿಸಿದೆ. ಅದಕ್ಕೆ ಅಪ್ಪ ತನ್ನ ಹಳೆಯ ಅಂಗಿಯೊಂದನ್ನು ಮಾತಿಲ್ಲದೆ ಬಿಚ್ಚಿ ಕೊಟ್ಟ. ಬಿಚ್ಚಿಕೊಟ್ಟ ಮೇಲೆ ಅದು ಹಳೆಯದಲ್ಲ ಅಂತ ಅಮ್ಮ ಕೂಗಾಡಿದಳು.

ಕೊನೆಗೂ ಒಂದು ನಿಂತಿತು. ಅದರ ಉದ್ದನೆಯ ಎರಡು ಗೋಡೆಗಳಿಗೆ ಸೊಂಟ ಇತ್ತು. ಅಲ್ಲಿ ಅವು ಒಳಕ್ಕೆ ಬಾಗುತ್ತಿದ್ದವು. ಗಿಡ್ಡ ಗೋಡೆಗಳೆರಡು ಮೇಲಿನ ಅಂಚಿಗೆ ನೇತುಬಿದ್ದು, ಬಾಗಿಲಿನ ಹಾಗೆ ಒಳಗೆ ತಿರುಗುತ್ತಿದ್ದವು. ಅವನ್ನು ಕೆಳಗಿಳಿಸಿದರೆ ತಳದಲ್ಲಿ ಅಡಗಿಸಿಟ್ಟ ಅಯಸ್ಕಾಂತ ಟಕ್ ಅಂತ ಹಿಡಿದುಕೊಳ್ಳುತ್ತಿತ್ತು. ಆಗ ಉದ್ದದ ಗೋಡೆಗಳು ಬಾಗಬೇಕೆಂದರೂ ಬಾಗಲಾರವು. ಗಿಡ್ಡವು ನಡುವೆ ನಿಂತು ತಡೆಯುತ್ತವೆ. ಮತ್ತೆ ಆ ಬಾಗಿಲುಗಳನ್ನು ಒಳಕ್ಕೆ ತಳ್ಳಿದರೆ ಇಡೀ ಪೆಟ್ಟಿಗೆ ಉಸಿರು ಬಿಟ್ಟುಕೊಂಡು ಎರಡು ಬೆರಳ ದಪ್ಪಕ್ಕೆ ಇಳಿಯುತ್ತದೆ. ಅದನ್ನು ಎದೆಗವಚಿಕೊಂಡು ನಾನು ಕಾರ್ಖಾನೆಯ ತುಂಬ ಓಡಾಡಿದೆ. ಅದರ ಮೇಲೆ ಮೊದಲು ನಾನು ಕೂತೆ, ಆಮೇಲೆ ಅಪ್ಪನನ್ನು ಕೂರಿಸಿದೆ. ಜಪ್ಪಯ್ಯ ಅನ್ನಲಿಲ್ಲ.

ವಿಗ್ ವ್ಯಾಪಾರಿ ಬಂದ. ಜತೆಗೆ ಒಂದು ವಿಗ್ ತಂದಿದ್ದ. ಬೈತಲೆ ಎಡಕ್ಕಿದ್ದ, ನಯವಾದ, ಯಾವುದೋ ಸಂಭಾವಿತ ಮನುಷ್ಯನಿಗೆಂದು ಮಾಡಿದ್ದು. ಅದನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದೆ. ಅಜ್ಜಿ ಮಂಚ ಬಿಟ್ಟು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು. ಅವಳ ಬಟ್ಟೆಯ ಗಂಟು ಆಗಲೇ ಕಟ್ಟಿಯಾಗಿತ್ತು. ಅಮ್ಮ ಕಟ್ಟಿಸಿದ್ದಳು.

ಅಮ್ಮ ಸೆರಗು ಸರಿಮಾಡಿಕೊಂಡು ಕೂತಳು.

ಪೆಟ್ಟಿಗೆ ನಿಂತಿತು. ನನಗೆ ಜೀವ ಬಂದ ಹಾಗಾಯಿತು. ಅಮ್ಮ ಬೆಲೆ ಹೇಳಲು ಬಾಯಿ ತೆರೆದಳು. ಬೆಲೆ ಹೇಳುವ ಮುಂಚೆ ಅಮ್ಮ ಯಾವಾಗಲೂ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಸರಿದು, ಸಿಂಹಾಸನದಲ್ಲಿ ನೆಲೆಯೂರಿದ ಹಾಗೆ ನೆಲೆಯೂರುತ್ತಾಳೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಲೆಕ್ಕ ಹಾಕುವಾಗ ಅದೊಂದು ನನಗೆ ನೆನಪಿಗೇ ಬಂದಿರಲಿಲ್ಲ.

ಎಡಕ್ಕೆ ಸರಿದಳು. ಟಕ್, ಒಂದು ಅಯಸ್ಕಾಂತ ಬಿಟ್ಟಿತು. ಬಲಕ್ಕೆ ಸರಿದಳು. ಟಕ್, ಇನ್ನೊಂದೂ ಬಿಟ್ಟಿತು. ಆಮೇಲೆ ಅಮ್ಮ ನಮ್ಮೆಲ್ಲರ ಕಣ್ಣೆದುರಿಗೆ, ಹುಸ್ಸ್ ಅನ್ನುವ ದೀರ್ಘ ಉಸಿರಿನೊಂದಿಗೆ, ಬಹಳ ಗಂಭೀರವಾಗಿ ಕೆಳಗಿಳಿದಳು. ಮುಖದಲ್ಲಿ ಬೆಲೆ ಹೇಳಲು ಹೊರಟ ನಗು ಹಾಗೇ ಇತ್ತು. ಕಾಲೆರಡು ಮುಂದೆ ಚಾಚಿಕೊಂಡವು.

ಬಾಗಿಲಲ್ಲಿದ್ದ ಅಜ್ಜಿ, "ಅಯ್ಯೋ, ಮಗು ಬಿತ್ತು," ಅಂದಳು.

ಅಪ್ಪ, ವ್ಯಾಪಾರಿ, ನಾನು ಮೂವರೂ ಸೇರಿ ಅಮ್ಮನನ್ನು ಎಬ್ಬಿಸಿದೆವು. ನಾನು ಅಜ್ಜಿಯ ಕಡೆ ನೋಡಲಿಲ್ಲ. ಅಜ್ಜಿ ಚಿಕ್ಕಮ್ಮನ ಮನೆಯ ಸೋಫಾದ ತುದಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತದ್ದು ನನ್ನ ಕಣ್ಣ ಮುಂದೆ ಬಂತು.

ವ್ಯಾಪಾರಿ ತನ್ನ ವಿಗ್ಗಿಗಾಗಿ ಬಗ್ಗಿ ಪೆಟ್ಟಿಗೆಯ ಮೇಲಿನ ಅಂಚು ಹಿಡಿದು ಎತ್ತಿದ. ಗೋಡೆಗಳು ಸೊಂಟ ನೆಟ್ಟಗೆ ಮಾಡಿಕೊಂಡವು. ಬಾಗಿಲುಗಳು ಇಳಿದವು. ಟಕ್. ಟಕ್. ಪೆಟ್ಟಿಗೆ ಏನೂ ಆಗದ ಹಾಗೆ ನಿಂತಿತು. ಒಂದು ಮೂಲೆ ಸಹ ಮುರಿದಿರಲಿಲ್ಲ, ಕಾಗದ ಸಹ ಸುಕ್ಕಾಗಿರಲಿಲ್ಲ. ಅವನು ಮತ್ತೆ ಅದನ್ನು ಕೆಳಗೆ ಒತ್ತಿದ, ಮತ್ತೆ ಎತ್ತಿದ. ಒತ್ತಿದ, ಎತ್ತಿದ. ಎಳೆಯ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗಾಯಿತು.

"ನಮ್ಮ ಹಮಾಲರು ದಾರೀಲಿ ಪೆಟ್ಟಿಗೆ ಮೇಲೆ ಕೂತು ಬೀಡಿ ಸೇದ್ತಾರೆ," ಅಂದ ನಿಧಾನವಾಗಿ. "ಒಂದಲ್ಲ ಒಂದು ದಿನ ಎಲ್ಲಾ ಪೆಟ್ಟಿಗೇನೂ ಮುರಿಯುತ್ತೆ. ಮುರಿದದ್ದು ಮತ್ತೆ ಏಳಲ್ಲ. ಇದು ನೋಡಿ... ಇವರು ಕೂತ ಮೇಲೂ ಎದ್ದಿದೆ!"

"ಇವರು ಅಂದ್ರೆ?" ಅಂದಳು ಅಮ್ಮ.

"ಅಂದ್ರೆ... ಯಾರು ಕೂತ ಮೇಲೂ."

"ನಿಮ್ಮ ಆ ಕೂದಲು?" ಅಂತ ಅಜ್ಜಿ ಕೇಳಿದಳು.

ಅವನು ವಿಗ್ ತೆಗೆದು ಒಮ್ಮೆ ಕೊಡವಿದ. ಬೈತಲೆ ಬಲಕ್ಕೆ ಹೋಗಿತ್ತು. ತಿರುಗಿಸಿ ಮುರುಗಿಸಿ ನೋಡಿ, "ಹೀಗೇ ಚೆನ್ನಾಗಿದೆ," ಅಂದ. "ಅಯಸ್ಕಾಂತ ಇನ್ನಷ್ಟು ದೊಡ್ಡದು ಹಾಕಿ. ಪೆಟ್ಟಿಗೆ ನೀವು ಇಟ್ಟುಕೊಳ್ಳೋದು ಇನ್ನು ಬೇಡ, ಎಲ್ಲಾ ನನ್ನ ಮೆಟ್ಟಿಲ ಕೆಳಗೇ ಹಿಡಿಯುತ್ತೆ. ಬೆಲೆ ಹೇಳಿ."

ಅಮ್ಮ ನಿಂತುಕೊಂಡೇ ಬೆಲೆ ಹೇಳಿದಳು. ನಿಂತುಕೊಂಡು ಹೇಳಿದ್ದಕ್ಕೋ ಏನೋ, ಸ್ವಲ್ಪ ಕಡಿಮೆಯೇ ಹೇಳಿದಳು.

ಕೋಣೆ ಖಾಲಿಯಾಯಿತು. ಗಾಳಿ ಪೆಟ್ಟಿಗೆ ಪೆಟ್ಟಿಗೆಯಾಗಿ ಗಾಡಿ ಹತ್ತಿ ಹೋಯಿತು. ಅಜ್ಜಿ ತನ್ನ ಗಂಟು ತಾನೇ ಹೊತ್ತುಕೊಂಡು ಒಳಗೆ ಬಂದು, ನಡುಮಧ್ಯದಲ್ಲಿ ನಿಂತು, ಚಿಕ್ಕಮ್ಮನ ಮನೆಯಲ್ಲಿ ನುಂಗಬೇಕಾಗಿದ್ದ ಕೆಮ್ಮನ್ನೆಲ್ಲ ಇಲ್ಲೇ ಕೆಮ್ಮಿ ನೋಡಿದಳು. ಗೋಡೆಗಳು ಮರುನುಡಿದವು. ಅವಳಿಗೆ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಬಂದು ನಿಂತಳು. ಅದೇ ಅಳೆಯುವ ನೋಟ ನೋಡುತ್ತಿದ್ದಳು.

"ಜಾಗ ದೊಡ್ಡದೇ ಇದೆ ಅಲ್ವಾ..."

ಅಜ್ಜಿ ನೆಲದ ಮೇಲೆ ಅಂಗಾತ ಮಲಗಿದಳು. ಕೈ ಎರಡು ಕಡೆ, ಕಾಲು ಎರಡು ಕಡೆ. ಎಷ್ಟು ಹರಡಿಕೊಳ್ಳಬಹುದೋ ಅಷ್ಟು ಹರಡಿಕೊಂಡಳು. "ಅಳತೆ ಮಾಡು ಈಗ," ಅಂದಳು.

ಅಮ್ಮನ ತೊಂದರೆಯೂ ಸುಳ್ಳಲ್ಲ. ಹೊಸದಾಗಿ ಅಂಟಿಸಿದ ರಟ್ಟು ಒಣಗುವಾಗ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮಡಚಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಒಟ್ಟಿ, ಮೇಲೆ ಭಾರ ಹೇರಿ ಕೆಲವು ದಿನ ಬಿಡಲೇಬೇಕು. ಕೆಳಗೆ ಕಾರ್ಖಾನೆಯಲ್ಲಿ ಅದಕ್ಕೆ ಜಾಗವಿಲ್ಲ. ಅಮ್ಮ ಇದನ್ನು ವಿವರಿಸಿದಳು. ಅಜ್ಜಿ ಅಂಗಾತವೇ ಕೇಳಿಸಿಕೊಂಡಳು.

"ಭಾರ ಅಂದ್ರೆ ಎಷ್ಟು?"

"ಒಂದು ಮಂಚ, ಅದರ ಮೇಲೊಬ್ಬ ಮನುಷ್ಯ. ಅಷ್ಟು."

"ಅಂದ್ರೆ ನನ್ನನ್ನ ಮಗಳು ಅಂತ ಇಟ್ಟುಕೊಳ್ತಿಲ್ಲ ನೀನು. ಕಲ್ಲು ಅಂತ ಇಟ್ಟುಕೊಳ್ತಿದೀಯ."

"ನಾನು ನಿನ್ನ ಮಗಳು. ನೀನು ನನ್ನ ತಾಯಿ."

"ಎರಡೂ ಒಂದೇ. ಅಳಿಯಂದ್ರೇ, ನೀವೇ ಹೇಳಿ!"

ಅಪ್ಪ ಅಂಟಿನ ಮಡಕೆ ನೋಡಲು ಹೋದ.

ಹೀಗೆ ಅಜ್ಜಿಯ ಮಂಚದ ನಾಲ್ಕೂ ಕಾಲುಗಳನ್ನು ಬಿಚ್ಚಿ, ಹಾಸುಹಲಗೆಯನ್ನು ಮಡಚಿದ ಪೆಟ್ಟಿಗೆಗಳ ಒಟ್ಟಿಲ ಮೇಲಿಟ್ಟೆವು. ಒಟ್ಟಿಲು ಎತ್ತರವಾದಷ್ಟೂ ಅಜ್ಜಿ ಎತ್ತರವಾಗುತ್ತಾಳೆ. ಹತ್ತಲು ನಾನೊಂದು ರಟ್ಟಿನ ಮೆಟ್ಟಿಲು ಮಾಡಿಕೊಟ್ಟೆ. ಮಡಚಲು ಬಾರದ್ದು. ಮೊದಲ ವಾರ ಅಜ್ಜಿ ಕೆಳಗಿನವರಿಗೆಲ್ಲ ಕೇಳುವಂತೆ ಗೊಣಗಿದಳು. ಎರಡನೆಯ ವಾರ ಗೊಣಗಾಟ ನಿಂತಿತು. ಹೋಗಿ ನೋಡಿದರೆ ಅಜ್ಜಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಾಳೆ. ಆ ಎತ್ತರದಿಂದ ಹಿಂದುಗಡೆ ಮನೆಯ ಕಾಂಪೌಂಡ್ ಗೋಡೆಯಾಚೆಗೆ ಎಲ್ಲವೂ ಕಾಣುತ್ತದೆ. ಆ ಮನೆಯ ಹಲ್ಲಿನ ಡಾಕ್ಟರು ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳಲು ಹಿತ್ತಲಿಗೇ ಬರುತ್ತಾರಂತೆ.

ನಿನ್ನೆ ವಿಗ್ ವ್ಯಾಪಾರಿಯ ಗಾಡಿ ಬಂತು. ಒಣಗಿದ ಪೆಟ್ಟಿಗೆ ತರಲು ಅಮ್ಮ ಮೇಲೆ ಬಂದಳು.

"ಇಳಿ ಅಮ್ಮ, ಗಾಡಿ ಕಾಯ್ತಿದೆ."

"ಕಾಯಲಿ," ಅಂದಳು ಅಜ್ಜಿ, ಕಿಟಕಿಯಿಂದ ಮುಖ ತಿರುಗಿಸದೆ. "ಡಾಕ್ಟರ ಹೆಂಡತಿ ಈಗ ತಾನೇ ಶುರು ಮಾಡಿದಾಳೆ."

ಅಮ್ಮ ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತಳು. ಆಮೇಲೆ ನಾನು ಮಾಡಿದ ರಟ್ಟಿನ ಮೆಟ್ಟಿಲನ್ನು ಒಂದು ಸಲ ಒತ್ತಿ ನೋಡಿ, ಹತ್ತಿ, ಅಜ್ಜಿಯ ಪಕ್ಕ ಸರಿದು ಕೂತು ಕೇಳಿದಳು: "ಏನಂತೆ ಇವತ್ತು?"